ರೇಡಿಯೇಶನ್ ಅಕ್ಕೋರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆ ಉಗಾರ ಬುದ್ರುಕದಲ್ಲಿ. ರಾಯಬಾಗ, ನಿಪ್ಪಾಣಿ, ಕಾಗವಾಡ, ಅಥಣಿ, ಚಿಕ್ಕೋಡಿ, ಈ ಐದು ತಾಲೂಕು ದಾಟಿ ನನಗೆ ಎಂದೂ ವರ್ಗವಾಗಿಲ್ಲ. ಇಷ್ಟು ವರ್ಷ ಬೆಳಕು ಕಲಿಸಿದ್ದೇನೆ, ಶಬ್ದ ಕಲಿಸಿದ್ದೇನೆ, ಆಮ್ಲ ಪ್ರತ್ಯಾಮ್ಲ ಕಲಿಸಿದ್ದೇನೆ. ಅದರ ಬಗ್ಗೆ ಇವತ್ತಿನವರೆಗೆ ಒಬ್ಬರೂ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದವರಿಲ್ಲ. ಆದರೆ ಜೀವಮಾನದಲ್ಲಿ ಒಂದೇ ಒಂದು ಸಲ ಮೊಬೈಲಿನ ವಿಕಿರಣ ಮತ್ತು ಮೆದುಳಿನ ಬಗ್ಗೆ ಭಾಷಣ ಮಾಡಿದೆ ನೋಡಿ, ಅಂದಿನಿಂದ ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಲಗ್ನದ ಪಂಕ್ತಿಯಲ್ಲಿ, ಎಲ್ಲಿ ಹೋದರೂ ಆ ವಿಷಯ ನನಗಿಂತ ಮೊದಲು ಹೋಗಿ ಕೂತಿರುತ್ತದೆ. ಹೆಸರು ಕೂಡ ಬದಲಾಗಿದೆ. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ; ಈಗ ನಾನು ರೇಡಿಯೇಶನ್ ಅಕ್ಕೋರು.

ಕಿವಿಗೆ ಹಚ್ಚದ ಫೋನು

ಆಗ ನಾನು ರಾಯಬಾಗ ತಾಲೂಕಿನ ಒಂದು ಹೈಸ್ಕೂಲಿನಲ್ಲಿದ್ದೆ. ವಿಜ್ಞಾನ ದಿನಕ್ಕೆ ಪಾಲಕರನ್ನೂ ಕರೆಯೋಣ, ಮೊಬೈಲಿನಿಂದ ಮೆದುಳಿಗೆ ಏನಾಗುತ್ತದೆ ಅಂತ ನೀವು ಮಾತಾಡಿರಿ ಎಂದು ಹೆಡ್‌ಮಾಸ್ತರರು ಹೇಳಿದರು. ನಾನು ಎಂಟು ದಿನ ಕೂತು ಓದಿದೆ. ಓದಿದಷ್ಟೂ ತಿಳಿದದ್ದೇನೆಂದರೆ, ಈ ವಿಷಯದಲ್ಲಿ ಗಟ್ಟಿಯಾಗಿ ಹೇಳಬಹುದಾದದ್ದು ಬಹಳ ಕಡಿಮೆ ಇದೆ ಅಂತ. ಮೊಬೈಲಿನಿಂದ ಬರುವುದು ರೇಡಿಯೋ ತರಂಗ. ಎಕ್ಸರೇಯ ಹಾಗೆ ಜೀವಕೋಶವನ್ನು ಕೆಡಿಸುವಷ್ಟು ಶಕ್ತಿ ಅದಕ್ಕಿಲ್ಲ. ಕಿವಿಗೆ ಒತ್ತಿ ಹಿಡಿದರೆ ಆ ಜಾಗ ತುಸು ಬೆಚ್ಚಗಾಗಬಹುದು. ಬಹಳ ವರ್ಷ ಬಳಸಿದರೆ ನಿದ್ದೆ, ನೆನಪು, ಗಮನ ಇವುಗಳ ಮೇಲೆ ಏನಾದರೂ ಪರಿಣಾಮ ಆಗುತ್ತದೆಯೋ ಇಲ್ಲವೋ ಅಂತ ವಿಜ್ಞಾನಿಗಳು ಇನ್ನೂ ನೋಡುತ್ತಲೇ ಇದ್ದಾರೆ. ಅಲ್ಲಿಯವರೆಗೆ ಫೋನನ್ನು ತಲೆಯಿಂದ ದೂರ ಇಟ್ಟು ಮಾತಾಡಿದರೆ ಕಳೆದುಕೊಳ್ಳುವುದೇನೂ ಇಲ್ಲ. ಇಷ್ಟೇ ನನ್ನ ಭಾಷಣ. ಇಷ್ಟನ್ನೇ ಮುಕ್ಕಾಲು ತಾಸು ಹೇಳಬೇಕಿತ್ತು.

ಮುಂದಿನ ಸಾಲಿನಲ್ಲಿ ನಟ್ಟನಡುವೆ ಶಾಲಾ ಸಮಿತಿಯ ಅಧ್ಯಕ್ಷರು ಕೂತಿದ್ದರು. ಭಾಷಣ ಅರ್ಧಕ್ಕೆ ಬಂದಾಗ ಅವರ ಫೋನು ಬಾರಿಸಿತು. ಎದ್ದು ಹೊರಗೆ ಹೋಗುತ್ತಾರೆ ಅಂದುಕೊಂಡೆ. ಅವರು ಹೋಗಲಿಲ್ಲ. ನಾನು ಆಗಷ್ಟೇ ಹೇಳಿದ್ದು ಅವರ ಮನಸ್ಸಿಗೆ ನಾಟಿತ್ತು. ಫೋನನ್ನು ಕಿವಿಗೆ ಹಚ್ಚದೆ, ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದು, ಸ್ಪೀಕರ್ ಒತ್ತಿದರು. ಆ ಕಡೆ ಅವರ ಮನೆಯವರು. ಅಕ್ಕೋರ ಭಾಷಣ ಇನ್ನೂ ಮುಗಿದಿಲ್ಲವೇನು, ಹತ್ತು ನಿಮಿಷ ಕೂತ ಹಾಗೆ ಮಾಡಿ ಎದ್ದು ಬರುತ್ತೇನೆ ಅಂದಿದ್ದಿರಿ, ಆ ಅಕ್ಕೋರು ಮಾತು ಶುರು ಮಾಡಿದರೆ ಬಿಡುವ ಪೈಕಿ ಅಲ್ಲ ಅಂತ ನೀವೇ ಮುಂಜಾನೆ ಹೇಳಿದಿರಿ ಅಂತ ಅವರು ಒಂದೇ ಉಸಿರಿನಲ್ಲಿ ಕೇಳಿದರು. ಇಡೀ ಹಾಲ್ ಕೇಳಿತು. ನಾನು ಮೈಕ್ ಹಿಡಿದು ನಿಂತಿದ್ದೆ.

ಅಧ್ಯಕ್ಷರು ಸ್ವಲ್ಪವೂ ಗಾಬರಿಯಾಗಲಿಲ್ಲ. ಫೋನಿನ ಕಡೆ ಬಗ್ಗಿ, ಶಾಂತವಾಗಿ ಹೇಳಿದರು: "ಸಾವಕಾಶ ಮಾತಾಡ. ಮೆದುಳಿಗೆ ತ್ರಾಸ ಆಗ್ತೈತಿ ಅಂತ ನಿನ್ನ ದೂರ ಹಿಡದೀನಿ. ಅಕ್ಕೋರೂ ಕೇಳಾಕತ್ತಾರ."

ಎಡಗಿವಿ ಮರಾಠಿ, ಬಲಗಿವಿ ಕನ್ನಡ

ಭಾಷಣದ ಸುದ್ದಿ ನನಗಿಂತ ಮೊದಲು ಮನೆಗೆ ಬಂದಿತ್ತು. ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಕಬ್ಬಿನ ಹೊಲದ ಲೆಕ್ಕದಿಂದ ಹಿಡಿದು ಸೊಸೆಯ ಸೀರೆಯವರೆಗೆ ಎಲ್ಲ ಅವರ ಕೈಯಲ್ಲೇ. ದಿನಕ್ಕೆ ಎರಡು ತಾಸು ಫೋನಿನಲ್ಲಿ ಮಾತಾಡುತ್ತಾರೆ. ಅರ್ಧ ಬಳಗ ಇತ್ತ ಅಥಣಿ ಕಡೆ, ಅವರ ಜೊತೆ ಕನ್ನಡ. ಅರ್ಧ ಬಳಗ ಅತ್ತ ಮಿರಜ, ಸಾಂಗಲಿ ಕಡೆ, ಅವರ ಜೊತೆ ಮರಾಠಿ.

ನನ್ನನ್ನು ಎದುರಿಗೆ ಕೂರಿಸಿಕೊಂಡು, ಇಷ್ಟು ಮಾತಾಡಿದರೆ ತಮ್ಮ ಮೆದುಳಿಗೆ ಏನಾದೀತು ಅಂತ ಕೇಳಿದರು. ನಾನು ತಪ್ಪಿಸಿಕೊಳ್ಳಲು, ಏನೂ ಆಗುವುದಿಲ್ಲ, ಬೇಕಾದರೆ ಒಂದೇ ಕಿವಿಗೆ ಹಿಡಿಯದೆ ಬದಲಿಸುತ್ತಾ ಇರಿ ಅಂದೆ. ಅವರು ಅದನ್ನು ಒಂದು ಪದ್ಧತಿಯನ್ನಾಗಿ ಮಾಡಿಕೊಂಡರು. ಮರಾಠಿ ಫೋನು ಬಂದರೆ ಎಡಗಿವಿ, ಕನ್ನಡ ಫೋನು ಬಂದರೆ ಬಲಗಿವಿ. ಮೆದುಳಿನ ಎರಡೂ ಬದಿಗೆ ಕೆಲಸ ಸಮನಾಗಿ ಹಂಚಿದಂತಾಯಿತು ಅಂತ ಅವರ ವಾದ. ಅಪ್ಪಿತಪ್ಪಿ ಮರಾಠಿಯವರ ಫೋನನ್ನು ಬಲಗಿವಿಗೆ ಹಿಡಿದರೆ, ತಡೀರಿ ಅಂತ ಹೇಳಿ ಕೈ ಬದಲಿಸಿಯೇ ಮಾತು ಮುಂದುವರಿಸುತ್ತಿದ್ದರು.

ನಮ್ಮ ಅತ್ತೆಯವರಿಗೆ ಜಗತ್ತಿನಲ್ಲಿ ಒಬ್ಬರ ಅಂಜಿಕೆ ಇದ್ದರೆ ಅದು ಮಿರಜಿನ ನಾದಿನಿಯದು, ಅಂದರೆ ನಮ್ಮ ಮಾವನವರ ತಂಗಿಯದು. ಆಕೆ ಹುಟ್ಟಿದ್ದು ಇದೇ ಉಗಾರದ ಮನೆಯಲ್ಲಿ. ಮದುವೆಯಾಗಿ ಮಿರಜಿಗೆ ಹೋದ ಮೇಲೆ ಮರಾಠಿ ಬಿಟ್ಟು ಬೇರೆ ಮಾತಾಡುವುದಿಲ್ಲ. ಬಂದರೆ ಹದಿನೈದು ದಿನಕ್ಕೆ ಕಡಿಮೆ ಇಲ್ಲ. ಬಂದ ಮರುದಿನ ಅಡುಗೆಮನೆಯ ಡಬ್ಬಿಗಳ ಜಾಗ ಎಲ್ಲ ಬದಲಾಗುತ್ತದೆ.

ಒಂದು ಭಾನುವಾರ ಮುಂಜಾನೆ ಆಕೆಯ ಫೋನು ಬಂತು. ನಾನು ಪಕ್ಕದಲ್ಲೇ ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಮಾತು ಎರಡು ನಿಮಿಷ ಆದ ಮೇಲೆ ಅತ್ತೆಯವರ ಮುಖ ಸಣ್ಣದಾಯಿತು. ನಾದಿನಿ ಬರುವ ಸುದ್ದಿ ಅಂತ ನನಗೆ ತಿಳಿಯಿತು. ಅತ್ತೆಯವರು ಒಂದು ಗಳಿಗೆ ಯೋಚನೆ ಮಾಡಿ, ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿದರು. ಆಮೇಲೆ ಬಹಳ ನಿತ್ರಾಣದ ದನಿಯಲ್ಲಿ, ತಮ್ಮ ಮೆದುಳಿನ ಮರಾಠಿ ಬದಿ ರೇಡಿಯೇಶನ್ನಿಗೆ ಕಾದುಹೋಗಿದೆ, ಸೊಸೆ ವಿಜ್ಞಾನದ ಟೀಚರ್, ಅವಳೇ ಹೇಳಿದ್ದಾಳೆ, ಇವತ್ತು ತಮಗೆ ಮರಾಠಿ ತಿಳಿಯುತ್ತಿಲ್ಲ ಅಂತ ಹೇಳಿದರು. ಹೇಳಿದ್ದು ಅಚ್ಚ ಮರಾಠಿಯಲ್ಲಿ. ಕೊನೆಗೆ "ಮಲಾ ಆಜ್ ಕಾಹೀ ಕಳತ್ ನಾಹೀ", ಇವತ್ತು ನನಗೇನೂ ತಿಳಿಯುತ್ತಿಲ್ಲ, ಅಂತ ಸೇರಿಸಿದರು.

ಆ ಕಡೆಯಿಂದ ಮೂವತ್ತು ವರ್ಷದಿಂದ ನಾವು ಯಾರೂ ಕೇಳಿರದ ಒಂದು ದನಿ ಕೇಳಿಸಿತು. ಮಿರಜಿನ ನಾದಿನಿ ಶುದ್ಧ ಉಗಾರದ ಕನ್ನಡದಲ್ಲಿ ಹೇಳಿದರು: "ಹಂಗಾದ್ರ ಕನ್ನಡದಾಗ ಹೇಳ್ತೀನಿ ತಗೋ ವೈನಿ. ನಾಳಿ ಮುಂಜಾನಿ ಗಾಡಿಗೆ ಬರಾಕತ್ತೀನಿ. ನಿನ್ನ ತಲಿ ಆರಾಮ ಆಗೂ ತನಕಾ ಇರ್ತೀನಿ."

ಚಿತ್ರ ಇಲ್ಲದ ತಂಬಾಕು

ನಿಪ್ಪಾಣಿ ಕಡೆಗೆ ವರ್ಗವಾದಾಗ ಅಕ್ಕೋಳದಲ್ಲಿ ಒಂದು ಖೋಲಿ ಹಿಡಿದು ಇದ್ದೆ. ಮನೆ ಮಾಲಕರು ತಂಬಾಕು ಬೆಳೆಯುವ ಹಿರಿಯರು, ಬಹಳ ಸಂಭಾವಿತರು. ನಾನು ಬಂದ ಮೂರನೆಯ ದಿನ ಸಂಜೆ ಕಟ್ಟೆಯ ಮೇಲೆ ಕೂತು, ನೀವೇ ಅಲ್ಲವೇನ್ರಿ ಆ ರೇಡಿಯೇಶನ್ ಅಕ್ಕೋರು ಅಂತ ಕೇಳಿದರು. ಹೌದು ಅನ್ನದೆ ದಾರಿ ಇರಲಿಲ್ಲ.

ಅವರು ಫೋನು ತಗೊಂಡು ಆರು ತಿಂಗಳಾಗಿತ್ತಂತೆ. ಅಂದಿನಿಂದ ಹೆಸರು ನೆನಪಾಗುವುದಿಲ್ಲ, ಎದೆಯಲ್ಲಿ ಒಮ್ಮೊಮ್ಮೆ ಚುಳುಕ್ ಅನ್ನುತ್ತದೆ, ಗಂಟಲು ಕೆರೆಯುತ್ತದೆ, ಹಸಿವಿಲ್ಲ. ಎಲ್ಲ ಈ ಕಿರಣದ್ದೇ ಕೆಲಸ ಅಂತ ಅವರಿಗೆ ಸಂಶಯವೇ ಇರಲಿಲ್ಲ. ಇದನ್ನೆಲ್ಲ ಹೇಳುತ್ತಾ ಎಡ ಅಂಗೈಯಲ್ಲಿ ತಂಬಾಕು ಹಾಕಿ, ಸುಣ್ಣ ಹಚ್ಚಿ, ಬಲ ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ಎರಡು ಸಲ ತಟ್ಟಿ ಧೂಳು ಹಾರಿಸಿ, ಕೆಳದುಟಿಯ ಒಳಗೆ ಇಟ್ಟುಕೊಂಡರು. ಆಮೇಲೆ, ಈ ಫೋನಿನಿಂದ ಕ್ಯಾನ್ಸರ್ ಬರುತ್ತದಂತೆ, ಖರೆ ಏನು ಅಂತ ಕೇಳಿದರು.

ಹಾಗೆ ಸಾಬೀತಾಗಿಲ್ಲ, ಚಿಂತೆ ಇದ್ದರೆ ಎದೆಯ ಕಿಸೆಯಲ್ಲಿ ಇಡಬೇಡಿ, ಆದರೆ ಗಂಟಲನ್ನು ಮಾತ್ರ ಡಾಕ್ಟರಿಗೆ ತೋರಿಸಿರಿ ಅಂದೆ. ಮರುದಿನ ನೋಡಿದರೆ ಫೋನು ಅವರ ಕಿಸೆಯಲ್ಲಿರಲಿಲ್ಲ, ಸೈಕಲ್ಲಿನ ಹ್ಯಾಂಡಲಿಗೆ ಚೀಲದಲ್ಲಿ ಜೋತಾಡುತ್ತಿತ್ತು. ಎದೆಯ ಕಿಸೆ ಖಾಲಿಯಾಯಿತಲ್ಲ, ಅಲ್ಲಿ ತಂಬಾಕಿನ ಚಂಚಿ ಬಂದು ಕೂತಿತ್ತು. ಈಗ ಎದೆ ಹಗುರ ಅನ್ನಿಸುತ್ತದೆ ಅಂತ ನನಗೆ ಕೈ ಮುಗಿದರು.

ನನಗೆ ತಡೆಯಲಾಗಲಿಲ್ಲ. ಓಣಿಯ ಮೂಲೆಯ ಅಂಗಡಿಯಿಂದ ಒಂದು ತಂಬಾಕಿನ ಪಾಕೀಟು ತಂದು, ಅದರ ಮೇಲಿನ ಕೊಳೆತ ಬಾಯಿಯ ಚಿತ್ರವನ್ನು ಅವರ ಮುಂದೆ ಹಿಡಿದೆ. ಫೋನಿನ ಡಬ್ಬಿಯ ಮೇಲೆ ಇಂಥ ಚಿತ್ರ ಎಲ್ಲಾದರೂ ನೋಡಿದ್ದೀರಾ, ಇದರ ಮೇಲೆ ಯಾಕೆ ಹಾಕಿದ್ದಾರೆ, ನೀವೇ ಯೋಚನೆ ಮಾಡಿರಿ ಅಂದೆ.

ಅವರು ಕನ್ನಡಕ ಹಾಕಿಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಮುಖದಲ್ಲಿ ನಿಜವಾದ ಮರುಕ ಕಾಣಿಸಿತು. ಪಾಕೀಟನ್ನು ನನ್ನ ಕೈಗೆ ತಿರುಗಿ ಕೊಟ್ಟು ಹೇಳಿದರು: "ಅದಕ್ಕ ನೋಡ್ರಿ ಅಕ್ಕೋರ, ನಾ ಅಂಗಡೀದು ತಿನ್ನಂಗಿಲ್ಲ. ನನ್ನದು ಸ್ವಂತ ಹೊಲದ್ದು. ಅದರ ಮ್ಯಾಲ ಯಾವ ಚಿತ್ರಾನೂ ಇಲ್ಲ."

ನಾಲ್ಕು ಅಂಕದ ಪ್ರಶ್ನೆ

ಇದು ಕಾಗವಾಡದ ಕಡೆಯ ಒಂದು ಹೈಸ್ಕೂಲಿನಲ್ಲಿ ನಡೆದ ಸಣ್ಣ ಸಂಗತಿ. ಒಂಬತ್ತನೆಯ ತರಗತಿಯ ಪರೀಕ್ಷೆಯಲ್ಲಿ "ಅತಿಯಾದ ಮೊಬೈಲ್ ಬಳಕೆಯಿಂದ ಮೆದುಳಿನ ಮೇಲೆ ಆಗಬಹುದೆನ್ನಲಾದ ಪರಿಣಾಮಗಳನ್ನು ಬರೆಯಿರಿ" ಅಂತ ನಾಲ್ಕು ಅಂಕಕ್ಕೆ ಕೇಳಿದ್ದೆ. ಎಲ್ಲರೂ ನಾನು ಬರೆಸಿದ್ದನ್ನೇ ಬರೆದಿದ್ದರು. ಕೊನೆಯ ಬೆಂಚಿನ ಒಬ್ಬ ಹುಡುಗಿ ಮಾತ್ರ ಸ್ವಂತ ಅನುಭವದಿಂದ ಬರೆದಿದ್ದಳು. ಉತ್ತರ ಹೀಗಿತ್ತು: "ಪರಿಣಾಮವು ಮೆದುಳಿನ ಒಳಗಡೆ ಆಗುವುದಿಲ್ಲ. ಹೊರಗಡೆ ಆಗುತ್ತದೆ. ಏಕೆಂದರೆ ನಮ್ಮ ಅವ್ವ ಕಸಬರಿಗೆಯಿಂದ ತಲೆಯ ಮೇಲೆ ಹೊಡೆಯುತ್ತಾಳೆ. ಇದು ಎಲ್ಲ ಕಂಪನಿಯ ಮೊಬೈಲುಗಳಿಗೂ ಅನ್ವಯಿಸುತ್ತದೆ."

ನಾನು ಎರಡು ಅಂಕ ಕೊಟ್ಟೆ. ಪಾಲಕರಿಗೆ ಉತ್ತರಪತ್ರಿಕೆ ತೋರಿಸುವ ದಿನ ಆಕೆಯ ಅವ್ವ ಬಂದು ಓದಿ, ಉಳಿದ ಎರಡು ಅಂಕ ಯಾಕೆ ಕೊಟ್ಟಿಲ್ಲ, ಅವಳು ಬರೆದದ್ದರಲ್ಲಿ ಸುಳ್ಳು ಏನಿದೆ ಅಂತ ನನ್ನನ್ನೇ ಕೇಳಿದರು.

ಟಗರಿನ ಉತ್ತರ

ಅಥಣಿ ತಾಲೂಕಿನ ಅನಂತಪುರದ ಹತ್ತಿರ ಕೆಲಸ ಮಾಡುವಾಗ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬ ಹೆಣ್ಣುಮಗಳಿದ್ದಳು. ಗಟ್ಟಿ ಮಾತು, ಗಟ್ಟಿ ಕೈ. ಆಕೆಯ ಗಂಡ ಕುರಿ ಕಾಯುವವನು. ಮಾತು ಕಡಿಮೆ, ಆದರೆ ಹೆಂಡತಿ ಏನು ಕೇಳಿದರೂ ಪೂರ್ತಿ ಕೇಳುವ ಮೊದಲೇ ಬ್ಯಾಡ ಅನ್ನುವ ರೂಢಿ.

ಒಮ್ಮೆ ಆಕೆ ಗಂಡನನ್ನು ನನ್ನ ಹತ್ತಿರ ಕರೆದುಕೊಂಡು ಬಂದಳು. ಅವನಿಗೆ ತಿಂಗಳಿನಿಂದ ತಲೆಶೂಲೆ. ಮೊಬೈಲಿನ ಕಿರಣ ಮೆದುಳಿಗೆ ಇಳಿದಿದೆ ಅಂತ ಇಡೀ ಊರು ನಿರ್ಣಯ ಮಾಡಿಬಿಟ್ಟಿತ್ತು. ಫೋನು ಎಲ್ಲಿ ಇಟ್ಟುಕೊಳ್ಳುತ್ತೀ ಅಂತ ಕೇಳಿದೆ. ಅವನು ತಲೆಯ ರುಮಾಲು ಬಿಚ್ಚಿ ತೋರಿಸಿದ. ಕೈಯಲ್ಲಿ ಕೋಲು ಇರುತ್ತದೆ, ಮಾತಾಡಲು ಅನುಕೂಲ ಅಂತ ಫೋನನ್ನು ಕಿವಿಯ ಮೇಲೆ ಇಟ್ಟು, ಅದರ ಮೇಲಿಂದ ರುಮಾಲನ್ನು ಜಗ್ಗಿ ಬಿಗಿದು ಸುತ್ತಿಕೊಳ್ಳುತ್ತಿದ್ದ. ಮುಂಜಾನೆಯಿಂದ ಸಂಜೆಯವರೆಗೆ ಹಾಗೇ. ಫೋನಿನ ಗುಂಡಿಗಳ ಗುರುತು ಕೂಡ ಅವನ ಕಪಾಳದ ಮೇಲೆ ಕಾಣಿಸುತ್ತಿತ್ತು. ಕಿರಣ ಬಿಡು, ಅಷ್ಟು ಬಿಗಿದರೆ ಕಲ್ಲು ಕೂಡ ನೋಯುತ್ತದೆ, ಫೋನನ್ನು ತಲೆಯಿಂದ ದೂರ ಎಲ್ಲಾದರೂ ಕಟ್ಟು ಅಂದೆ.

ಅವನು ಹಿಂಡಿನ ಮುಂದೆ ಹೋಗುವ ದೊಡ್ಡ ಟಗರಿನ ಕೊರಳಿಗೆ, ಗಂಟೆಯ ಪಕ್ಕದಲ್ಲಿ, ಒಂದು ಬಟ್ಟೆಯ ಚೀಲದಲ್ಲಿ ಫೋನು ಕಟ್ಟಿದ. ನಾಲ್ಕೇ ದಿನಕ್ಕೆ ತಲೆಶೂಲೆ ಹೋಯಿತು. ನನಗೆ ಒಂದು ಚೆರಿಗೆ ಹಾಲು ಬಂತು.

ಅದಾದ ಮುಂದಿನ ವಾರ ಬಿಸಿಯೂಟದ ಕೋಣೆಯಲ್ಲಿ ಪಾತ್ರೆಗಳ ಸಪ್ಪಳ ಜೋರಾಗಿತ್ತು. ಏನು ಅಂತ ಕೇಳಿದೆ. ಗಂಡನ ಜೊತೆ ನಾಲ್ಕು ದಿನದಿಂದ ಮಾತು ಬಿಟ್ಟಿದ್ದಳು. ತಮ್ಮನ ಮಗುವಿಗೆ ಹೆಸರಿಡುವ ಕಾರ್ಯ ಇತ್ತಂತೆ, ತವರಿಗೆ ಹೋಗಬೇಕು. ಎದುರಿಗೆ ಕೇಳಿದರೆ ನಡುವೆಯೇ ಬ್ಯಾಡ ಅನ್ನುತ್ತಾನೆ ಅಂತ, ಅವನು ಕುರಿಯ ಹಿಂದೆ ಹೋದಾಗ ಮಧ್ಯಾಹ್ನ ಫೋನು ಮಾಡಿದಳು. ಫೋನು ಎತ್ತಿದ. ಅವಳು ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಮದುವೆಯಾದ ದಿನದಿಂದ ಒಳಗಿಟ್ಟುಕೊಂಡದ್ದನ್ನೂ ಹೇಳಿದಳು. ಕಾಲು ತಾಸು ಅವನು ನಡುವೆ ಬಾಯಿ ಹಾಕಲಿಲ್ಲ, ಬರೀ ಉಸಿರು ಬಿಡುವುದು ಕೇಳಿಸುತ್ತಿತ್ತು. ಅವನ ಮನಸ್ಸು ಕರಗಿತು ಅಂತ ಅವಳಿಗೆ ಕಣ್ಣಲ್ಲಿ ನೀರು ಬಂತು. ಕೊನೆಗೆ ಮೆತ್ತಗೆ, ಹಾಗಾದರೆ ನಾನು ಹೋಗಿ ಬರಲೇನು ಅಂತ ಕೇಳಿದಳು. ಉತ್ತರ ಒಂದೇ ಬಂತು: "ಬ್ಯಾ..."

ಅಷ್ಟಕ್ಕೇ ಫೋನು ಕಟ್ ಮಾಡಿ ಮಾತು ಬಿಟ್ಟಳು.

ನಾನು ಗಂಡನನ್ನು ಕರೆಸಿದೆ. ಅವನಿಗೆ ಏನೂ ಗೊತ್ತಿಲ್ಲ. ಆ ದಿನ ಮಧ್ಯಾಹ್ನ ತಾನು ಬೇವಿನ ನೆರಳಿನಲ್ಲಿ ಮಲಗಿದ್ದೆ, ಫೋನು ಟಗರಿನ ಕೊರಳಲ್ಲೇ ಇತ್ತು ಅಂದ. ಗಂಟೆ ಬಡಿದು ಗುಂಡಿ ಒತ್ತಿಕೊಂಡಿದೆ ಅಂತ ಮೂವರಿಗೂ ಒಮ್ಮೆಲೇ ಹೊಳೆಯಿತು. ಅವನಿಗೆ ಧೈರ್ಯ ಬಂದು, ಬ್ಯಾ ಅಂದದ್ದು ನಾನಲ್ಲ, ಟಗರು ಅಂತ ಹೆಂಡತಿಗೆ ಹೇಳಿದ. ಇನ್ನು ಆಕೆ ನಗುತ್ತಾಳೆ ಅಂದುಕೊಂಡೆ. ಆಕೆ ಸೌಟು ಕೆಳಗಿಟ್ಟು ನನಗೆ ಹೇಳಿದಳು: "ನೋಡ್ರಿ ಅಕ್ಕೋರ. ಟಗರ ಎಲ್ಲಾ ಪೂರಾ ಕೇಳಿ ಬ್ಯಾ ಅಂತು. ಇವ್ರು ಕೇಳಲಾರದನ ಅಂತಾರ."

ಅವನು ಮರುದಿನ ತಾನೇ ಆಕೆಯನ್ನು ತವರಿಗೆ ಬಿಟ್ಟು ಬಂದ.

ಹತ್ತನೆಯ ನಂಬರು

ಈಗ ನಾನು ಚಿಕ್ಕೋಡಿಯಲ್ಲಿದ್ದೇನೆ. ಇದು ಹೋದ ವರ್ಷದ ಮಾತು.

ಇಲ್ಲಿ ಹಿಟ್ಟಿನ ಗಿರಣಿ ನಡೆಸುವವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಬಿ.ಎಸ್ಸಿ. ಮುಗಿಸಿದ್ದಳು, ಚುರುಕು ಹುಡುಗಿ. ಅವಳನ್ನು ನೋಡಲು ರಾಯಬಾಗ ಕಡೆಯಿಂದ ಒಂದು ಸಂಬಂಧ ಬರುವುದಿತ್ತು. ಕಬ್ಬು, ದ್ರಾಕ್ಷಿ ಇದ್ದ ಮನೆ, ಒಬ್ಬನೇ ಮಗ. ಹಿಂದಿನ ದಿನ ಹುಡುಗಿಯ ತಾಯಿ ನನ್ನ ಹತ್ತಿರ ಬಂದು ನೀವು ಇರಲೇಬೇಕು ಅಂತ ಕೈ ಹಿಡಿದರು. ಕಾರಣ ಇತ್ತು. ಆ ಮನೆಯಲ್ಲಿ ಹುಡುಗನ ದೊಡ್ಡಪ್ಪನದೇ ಕೊನೆಯ ಮಾತು. ಮೊಬೈಲಿನಿಂದ ಈಗಿನ ಹುಡುಗಿಯರ ಮೆದುಳು ಕೆಟ್ಟಿದೆ ಅಂತ ಅವರ ಖಂಡಿತ ನಂಬಿಕೆ. ಆ ಒಂದೇ ಕಾರಣಕ್ಕೆ ಎರಡು ಕನ್ಯೆಗಳನ್ನು ಬೇಡ ಅಂದಿದ್ದರಂತೆ. ಈ ವಿಷಯದಲ್ಲಿ ಏನಾದರೂ ವಾದ ಬಂದರೆ ನೀವು ಅಕ್ಕೋರು, ನಿಮ್ಮ ಮಾತು ಕೇಳುತ್ತಾರೆ ಅಂತ ತಾಯಿಯ ಆಸೆ.

ತಾಯಿ ಹೋದ ಮೇಲೆ ಹುಡುಗಿ ಒಬ್ಬಳೇ ಬಂದಳು. ಬಾಗಿಲಲ್ಲಿ ನಿಂತು, "ಅಕ್ಕೋರ, ಈ ಸಂಬಂಧ ಒಂದ ತಪ್ಪಬಾರ್ದ್ರಿ" ಅಂದಳು. ಕಣ್ಣು ತುಂಬಿದ್ದವು. ಹುಡುಗನನ್ನು ಇನ್ನೂ ನೋಡಿಯೇ ಇಲ್ಲ, ಇಷ್ಟು ಆಸೆ ಎಲ್ಲಿಂದ ಬಂತು ಅಂತ ನನಗೆ ಸ್ವಲ್ಪ ಸೋಜಿಗವಾಯಿತು. ದ್ರಾಕ್ಷಿ ತೋಟ ಚೆನ್ನಾಗಿರಬೇಕು ಅಂದುಕೊಂಡು ಸುಮ್ಮನಾದೆ.

ಮರುದಿನ ಹುಡುಗ, ಅವನ ತಂದೆ ತಾಯಿ, ದೊಡ್ಡಪ್ಪ ಬಂದರು. ದೊಡ್ಡಪ್ಪ ಸ್ವತಃ ಫೋನು ಇಟ್ಟುಕೊಂಡವರಲ್ಲ. ಬೇಕಾದಾಗ ಮಂದಿಯ ಫೋನಿನಿಂದ ಮಾತಾಡುವವರು. ಕೂತ ಕೂಡಲೇ ಹಿಟ್ಟು ಕಲಸುವ ಅಗಲ ಪರಾತ ಒಂದನ್ನು ತರಿಸಿ, ಎಲ್ಲರ ಫೋನು ಅದರಲ್ಲಿ ಇಡಿಸಿ, ನಡುಮನೆಯ ಮಧ್ಯದಲ್ಲಿ ಇಟ್ಟರು. ತಲೆಯ ಹತ್ತಿರ, ಎದೆಯ ಹತ್ತಿರ ಇರಬಾರದು ಅಂತ ರಾಯಬಾಗದ ಭಾಷಣದಲ್ಲಿ ನೀವೇ ಹೇಳಿದ್ದಿರಂತೆ ಅಂತ ನನ್ನ ಕಡೆ ನೋಡಿದರು. ನಾನೂ ನನ್ನ ಫೋನು ತೆಗೆದು ಪರಾತದಲ್ಲಿಟ್ಟೆ. ಹುಡುಗ ಮಾತ್ರ ಇಡುವಾಗ ತುಸು ಅನುಮಾನ ಮಾಡಿದ. ದೊಡ್ಡಪ್ಪ ಕೆಮ್ಮಿದರು. ಇಟ್ಟ.

ಅವಲಕ್ಕಿ, ಚಹಾ ಆಯಿತು. ಹುಡುಗಿ ಬಂದು ನಮಸ್ಕಾರ ಮಾಡಿ ಕೂತಳು. ಅಡುಗೆ ಬರುತ್ತದೆಯೇ, ಎಷ್ಟು ಓದಿದ್ದೀ ಅಂತ ಯಾರೂ ಕೇಳಲಿಲ್ಲ. ದೊಡ್ಡಪ್ಪ ನೇರವಾಗಿ ವಿಷಯಕ್ಕೆ ಬಂದರು. ಮೊದಲಿನವರಿಗೆ ಎಲ್ಲರ ನಂಬರು ಬಾಯಿಪಾಠ ಇರುತ್ತಿತ್ತು, ಈಗ ಗಂಡನ ನಂಬರು ಹೆಂಡತಿಗೆ ಬರುವುದಿಲ್ಲ, ಇದೇ ಮೆದುಳು ಕೆಟ್ಟದ್ದರ ಗುರುತು ಅಂದರು. ಅದು ಕಿರಣದ ಕೆಲಸ ಅಲ್ಲ, ನೆನಪಿಡುವ ಜರೂರು ಇಲ್ಲದ್ದಕ್ಕೆ ರೂಢಿ ತಪ್ಪಿದ್ದು ಅಂತ ನಾನು ಹೇಳಲು ಹೋದೆ. ಅವರು ಕೈ ಎತ್ತಿ ನನ್ನನ್ನು ತಡೆದು ಹುಡುಗಿಗೆ ಹೇಳಿದರು: "ಹತ್ತ ನಂಬರ ಬಾಯಿಲೆ ಹೇಳವಾ. ಹೇಳಿದ್ರ ಈ ಮಾತು ಮುಂದ ಹೋಗ್ತೈತಿ."

ಹುಡುಗನಿಗೂ ಇದೇ ಪರೀಕ್ಷೆ ಇದೆಯೇ ಅಂತ ನಾನು ಕೇಳಿದೆ. ಹುಡುಗನ ಮೆದುಳು ನಮ್ಮ ಮನೆಯ ಜವಾಬ್ದಾರಿ ಅಂದರು.

ಸುಳ್ಳು ನಂಬರು ಹೇಳಬಾರದಲ್ಲ, ಅದಕ್ಕೆ ಹುಡುಗಿಯ ಫೋನಿನ ಲಾಕ್ ತೆಗೆಸಿ ಅದನ್ನೇ ಕೈಯಲ್ಲಿ ಹಿಡಿದರು. ಅವಳು ಹೇಳಿದ ಹಾಗೆ ಒಂದೊಂದೇ ಅಂಕಿ ಒತ್ತುವುದು, ಹತ್ತಿತೋ ನೋಡುವುದು. ಮೊದಲು ಅಪ್ಪನ ನಂಬರು ಹೇಳಿದಳು. ಪರಾತದಲ್ಲಿ ಅಪ್ಪನ ಫೋನು ಬಾರಿಸಿತು. ಅವ್ವನದು ಹೇಳಿದಳು, ಅವ್ವನದು ಬಾರಿಸಿತು. ಮೂರನೆಯದು ನನ್ನದು. ನನ್ನ ಫೋನು ಪರಾತದಲ್ಲಿ ಗರಗರ ತಿರುಗಿ ಬಾರಿಸಿದಾಗ ನನಗೆ ಅಳುವೇ ಬಂತು; ನನಗೆ ಅವಳ ನಂಬರು ಬಾರದು. ಆಮೇಲೆ ಸಂಕೇಶ್ವರದ ಸೋದರಮಾವ, ಬೆಳಗಾವಿಯ ಅತ್ತಿಗೆ, ಗಿರಣಿಯ ಲೈನ್‌ಮನ್, ಹೀಗೆ ಒಂದೂ ತಪ್ಪದೆ ಒಂಬತ್ತು ಆಯಿತು. ಹುಡುಗಿಯ ತಂದೆ ಬೆರಳು ಮಡಚಿ ಎಣಿಸುತ್ತಿದ್ದರು. ದೊಡ್ಡಪ್ಪನ ಮುಖ ಅರಳುತ್ತಾ ಬಂತು. ಇನ್ನೊಂದು ಅಂದರು.

ಹುಡುಗಿ ನಿಂತುಬಿಟ್ಟಳು. ಹತ್ತನೆಯದು ನೆನಪಾಗಲೊಲ್ಲದು. ತಾಯಿ ಸೆರಗು ಹಿಂಡುತ್ತಿದ್ದರು. ಒಂಬತ್ತೂ ಅಷ್ಟೇ, ಹತ್ತೂ ಅಷ್ಟೇ ಅಂತ ನಾನು ಮೆಲ್ಲಗೆ ಅಂದೆ. ದೊಡ್ಡಪ್ಪ ಕೇಳಲಿಲ್ಲ, ಹತ್ತು ಅಂದರೆ ಹತ್ತು ಅಂದರು. ಹುಡುಗಿ ಕಣ್ಣು ಮುಚ್ಚಿ, ಒಂದು ನಂಬರನ್ನು ಮಂತ್ರದ ಹಾಗೆ ಗಡಗಡ ಹೇಳಿ ಮುಗಿಸಿದಳು. ಹೇಳಿ ಮುಗಿದ ಮೇಲೆ ಕಣ್ಣು ತೆರೆದು, ನಾಲಗೆ ಕಚ್ಚಿಕೊಂಡಳು.

ದೊಡ್ಡಪ್ಪ ಆಗಲೇ ಒತ್ತಿ ಆಗಿತ್ತು. ಕೈಯಲ್ಲಿನ ಫೋನಿನ ಮೇಲೆ ಬಂದ ಹೆಸರು ಓದಿದರು: "ಲೈಬ್ರರಿ ಮೇಡಂ." ಓದುವ ಹುಡುಗಿ ಅಂತ ಮೆಚ್ಚಿ ತಲೆ ಆಡಿಸಿದರು.

ಪರಾತದಲ್ಲಿ ಹುಡುಗನ ಫೋನು ಬಾರಿಸಿತು.

ಅದು ಬೇರೆ ಯಾರದೋ ಕಾಲ್ ಇರಬೇಕು ಅಂತ ಎಲ್ಲರೂ ಸುಮ್ಮನೆ ಕೂತೆವು. ಅದು ಬಾರಿಸುತ್ತಲೇ ಇತ್ತು. ಹುಡುಗ ಕೈ ಚಾಚುವಷ್ಟರಲ್ಲಿ ದೊಡ್ಡಪ್ಪ ಎತ್ತಿಕೊಂಡು, ಅದರ ಮೇಲಿನ ಹೆಸರನ್ನೂ ಓದಿದರು: "ಗ್ಯಾಸ್ ಏಜೆನ್ಸಿ."

ಒಂದು ಕೈಯಲ್ಲಿ ಹುಡುಗಿಯ ಫೋನು, ಇನ್ನೊಂದು ಕೈಯಲ್ಲಿ ಹುಡುಗನ ಫೋನು. ಹುಡುಗಿಯ ಫೋನು ಕಟ್ ಮಾಡಿದರು, ಹುಡುಗನದು ನಿಂತಿತು. ಮತ್ತೆ ಹಚ್ಚಿದರು; ಬೇರೆ ಯಾವುದೂ ಅಲ್ಲ, ಅದೇ ಬಾರಿಸಿತು. ಮೂರನೆಯ ಸಲವೂ ಮಾಡಿ ನೋಡಿದರು. ಅವರು ಯಾವುದನ್ನೂ ಗಡಬಡಿಸಿ ನಿರ್ಣಯ ಮಾಡುವವರಲ್ಲ. ಕೊನೆಗೆ ಹುಡುಗಿಯನ್ನು, ನೀನು ಗ್ಯಾಸ್ ಏಜೆನ್ಸಿಯಲ್ಲಿ ಕೆಲಸ ಮಾಡುತ್ತೀ ಏನವಾ ಅಂತ ಕೇಳಿದರು. ಹುಡುಗಿ ನೆಲ ನೋಡಿದಳು. ನೀನು ಲೈಬ್ರರಿಯಲ್ಲಿ ಇದ್ದೀಯೇನೋ ಅಂತ ಹುಡುಗನನ್ನು ಕೇಳಿದರು. ಹುಡುಗ ಛತ್ತು ನೋಡಿದ.

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಎರಡು ವರ್ಷದ ಹಿಂದೆ ಗೆಳತಿಯ ಲಗ್ನದಲ್ಲಿ ಭೇಟಿ. ಅಂದಿನಿಂದ ದಿನಾ ಮಾತು. ಸಂಬಂಧ ಬಂದದ್ದು ತಾನೇ ತಾನಾಗಿ ಅಲ್ಲ, ಇವರೇ ಒಬ್ಬ ಬೀಗರ ಕಿವಿಯಲ್ಲಿ ಹಾಕಿ ತರಿಸಿದ್ದು. ಹುಡುಗಿಯ ತಂದೆ ತಲೆಗೆ ಕೈ ಹಚ್ಚಿ ಕೂತರು. ತಾಯಿ ನನ್ನನ್ನು ನೋಡಿದರು. ನಾನು ಪರಾತ ನೋಡಿದೆ. ಅದನ್ನು ಅಲ್ಲಿ ಇಡಿಸಿದ್ದು ನನ್ನ ಭಾಷಣ. ಒಂದು ಹುಡುಗಿಯ ಬಾಳು ನನ್ನ ಭಾಷಣದಿಂದ ಕೆಟ್ಟಿತು ಅಂದುಕೊಂಡೆ.

ದೊಡ್ಡಪ್ಪ ಎರಡೂ ಫೋನನ್ನು ಪರಾತದಲ್ಲಿ ಜೋಡಿಯಾಗಿ ಇಟ್ಟರು. ಬಹಳ ಹೊತ್ತು ಮೀಸೆ ತಿರುವಿದರು. ಆಮೇಲೆ ಒಂದು ಪ್ರಶ್ನೆ ಹುಡುಗನಿಗೆ ಕೇಳಿದರು, ಈಕೆಯ ನಂಬರು ನಿನಗೆ ಬಾಯಿಲೆ ಬರುತ್ತದೆಯೇ ಅಂತ. ಹುಡುಗ ಗಂಟಲು ಸರಿ ಮಾಡಿಕೊಂಡು ಐದು ಅಂಕಿ ಹೇಳಿ ನಿಂತ.

"ಆತು," ಅಂದರು ದೊಡ್ಡಪ್ಪ. "ಹುಡಿಗಿ ಮೆದುಳಿಗೆ ಏನೂ ಆಗಿಲ್ಲ. ಕೆಟ್ಟಿದ್ದು ನಮ್ಮ ಹುಡುಗಂದು. ಇಂಥವಗ ಇಂಥಾಕಿನ ಬೇಕು. ಲಗ್ನಾ ಮಾಡಿ ಮುಗಸೂನು, ಮುಂದ ಇಬ್ಬರಿಗೂ ಫೋನಿನ ಜರೂರಿ ಬೀಳಂಗಿಲ್ಲ."

ಹುಡುಗಿಯ ತಂದೆ ಉಸಿರು ಬಿಟ್ಟರು. ತಾಯಿ ಸಕ್ಕರೆ ತರಲು ಒಳಗೆ ಓಡಿದರು. ಹುಡುಗನ ತಾಯಿ ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ, ಸೆರಗು ಹೊದ್ದು ಮೂಲೆಯಲ್ಲಿ ಕೂತಿದ್ದರು. ಈಗ ಎದ್ದು ಬಂದು, ಪರಾತದಿಂದ ಮಗನ ಫೋನು ಎತ್ತಿ ಅವನ ಕೈಯಲ್ಲಿ ಕೊಟ್ಟು, ಸಾವಕಾಶ ಹೇಳಿದರು:

"ಎರಡ ವರ್ಷ ಆತು, ಗ್ಯಾಸಿನವ್ರು ಫೋನ ಮಾಡ್ಯಾರ ಅಂತ ದಿನಾ ಹಿತ್ತಲಕ ಓಡತಿದ್ದಿ. ನಮ್ಮ ಮನ್ಯಾಗ ಇರೂದು ಗೋಬರ ಗ್ಯಾಸ. ನಾ ಒಂದ ದಿನಾರ ಕೇಳೀನೇನು?"